ಕೆಂಪು ಬಟ್ಟೆಯ ಕೋಲುಗಳು

ಬೆಸೆಂಟ್ ನಗರ,
ಬುಧವಾರ

ಚಿರಂಜೀವಿ ಅರವಿಂದನಿಗೆ,

ನಿಮ್ಮ ವೇಲಚೇರಿ ಫ್ಲ್ಯಾಟಿನ ಹಿಂದಿನ ತಗ್ಗಿನಲ್ಲಿ ನಾಲ್ಕು ವರ್ಷ ಜೊಂಡು ಬೆಳೆಸಿದೆ. ಬೇಸಿಗೆಯಲ್ಲಿ ಬುಡ ಒಣಗದಂತೆ ಬಸ್ಸಿನಲ್ಲಿ ಬಂದು ನೀರು ಹೊಯ್ದೆ.

ಕಳೆದ ತಿಂಗಳು ನೀನೇ, “ನೀರು ಎಲ್ಲೆಲ್ಲ ನಿಲ್ತದೆ ತೋರ್ಸು ಅಕ್ಕ, ಅಲ್ಲೆಲ್ಲ ಜೊಂಡು ನೆಡುವ” ಎಂದೆ. ನಂಬಿ ಕೆಸರಿಗಿಳಿದೆ. ಹಳೇ ಸೀರೆಯ ಕೆಂಪು ಅಂಚು ಕಟ್ಟಿ ನೀರು ನಿಲ್ಲುವಲ್ಲೆಲ್ಲ ಕೋಲು ನೆಟ್ಟೆ.

ನಿನ್ನೆ ಬಂದರೆ, ಕಾರು ನಿಲ್ಲಿಸಲು ತಗ್ಗನ್ನೇ ಮುಚ್ಚಿಸಿದ್ದೀಯ. ಕೆಂಪು ಬಟ್ಟೆ ಕಂಡಲ್ಲೆಲ್ಲ ಮೊದಲು ಮಣ್ಣು ಸುರಿಯಲು ಸೆಕ್ರೆಟರಿ ಸಾರ್ ಹೇಳಿದರೆಂದು ಲಾರಿಯವನು ಹೇಳಿದ. ನಿಮ್ಮ ಫ್ಲ್ಯಾಟಿನ ಸಂಘದ ಸೆಕ್ರೆಟರಿ ನೀನೇ ಅಲ್ಲವೇ?

ನಿನ್ನ ಬಾಲ್ಕನಿಯ ಬಕೆಟ್ಟಿನಲ್ಲಿ ನಾನಿಟ್ಟ ಒಂದು ಬುಡ ಉಳಿದಿದೆ. ನಾಲ್ಕು ಬೆರಳು ನೀರಿರಲಿ. ಭಾನುವಾರ ನಿನ್ನ ಮಗಳು ಶ್ರೀಯಾಳ ಕೈಯಲ್ಲಿ ಕಳಿಸು. ನೀನು ಬರಬೇಡ. ಅದನ್ನು ಎಲ್ಲಿ ನೆಡುತ್ತೇನೆಂದು ನಿನಗೆ ತಿಳಿಯುವುದು ಬೇಡ.

ಇತಿ,
ಕಲಾವತಿ