ಬುಧವಾರ ಮುಟ್ಟುವ ಪತ್ರ

ಜಮಖಂಡಿ
೨೮ ಸೆಪ್ಟೆಂಬರ್ ೨೦೦೮, ರವಿವಾರ

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ಹೇಗಿದೆ? ಹತ್ತು ದಿನದ ಪರ್ವದ ಉಪವಾಸ ಮುಗಿಸಿ, ಆ ನಿತ್ರಾಣದಲ್ಲೇ ನಮಗೆ ಅಡುಗೆ ಮಾಡಿದವಳು ನೀನು. ನಿಮ್ಮ ಮನೆಯಲ್ಲಿ ಮಾಮಾರ ಮಗ್ಗಗಳಿಗೆ ಈಗಲಾದರೂ ಕರೆಂಟು ಸರಿಯಾಗಿ ಬರುತ್ತಿದೆಯೇ? ನನ್ನ ಬಲಗಣ್ಣಿನ ಪೊರೆ ತೆಗೆದು ಇಂದಿಗೆ ಇಪ್ಪತ್ತೈದು ದಿನ. ಔಷಧದ ಹನಿ ಆರು ಸಲದಿಂದ ಮೂರು ಸಲಕ್ಕೆ ಇಳಿದಿದೆ. ಬಗ್ಗಬಾರದು, ಬಹಳ ಬರೆಯಬಾರದು. ಈ ಪತ್ರವನ್ನು ಸಂಧ್ಯಾಳ ಕೈಯಲ್ಲಿ ಬರೆಸಬಹುದಿತ್ತು. ಬರೆಸುವಂಥದ್ದಲ್ಲ. ಸಾಲು ಓರೆಯಾಗಿದ್ದರೆ ಕಣ್ಣಿನ ದೋಷವೆಂದುಕೋ.

ಧಾರವಾಡದ ಪ್ರಕಾಶಕರು ನನ್ನ ಆಯ್ದ ಕಥೆಗಳ ಕರಡನ್ನು ಆಪರೇಶನ್ನಿನ ಮರುದಿನವೇ ಕಳಿಸಿದರು. ಸಂಧ್ಯಾ ಓದಿ ಹೇಳಿದಳು. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಅವಳು ಗಂಡನ ಕಥೆಗಳನ್ನು ಒಟ್ಟಿಗೆ ಓದಿದ್ದು ಇದೇ ಮೊದಲು. ನಾನು ಕಪ್ಪು ಚಸ್ಮಾ ಹಾಕಿಕೊಂಡು ಕೂತು, ಇಲ್ಲಿ ಅಲ್ಪವಿರಾಮ ತೆಗಿ, ಅಲ್ಲಿ ‘ಆದರೆ’ ಹೊಡೆದುಹಾಕು ಎನ್ನುತ್ತಿದ್ದೆ. ಬಹಳ ಮುತುವರ್ಜಿಯಿಂದ ತಿದ್ದಿದೆ. ಏಳನೆಯ ಕಥೆಯ ನಡುವೆ ಅವಳು ಓದು ನಿಲ್ಲಿಸಿದಳು. “ಊರಾಗ ಅಂತಾರಲ್ಲ, ಅಕ್ಕಾರು ಖರೇನ ಹಿಂಗ ಮಾಡಿದ್ರೇನ್ರೀ?” “ಕಥಿ ಅದು, ಓದು” ಅಂದೆ. ಓದಿದಳು.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಏಕೆಂದರೆ ಇದನ್ನು ನಾನು ಎಲ್ಲಿಯೂ ಬರೆದಿಲ್ಲ. ಅವ್ವ ಅನ್ನ ಬಿಟ್ಟು, ದಿನಕ್ಕೊಮ್ಮೆ ಹಗಲಿನಲ್ಲಿ ಮಾತ್ರ ನೀರು ಎಂದು ಸಲ್ಲೇಖನ ವ್ರತ ಹಿಡಿದ ಒಂಬತ್ತನೆಯ ದಿನ. ತೇರದಾಳದ ಮನೆಯ ಪಡಸಾಲೆ ತುಂಬ ಜನ, ಸ್ತೋತ್ರ ನಡೆದಿತ್ತು. ನೀನು ಬಸದಿಗೆ ಹೋಗಿದ್ದೆ. ಹೊತ್ತು ಮುಳುಗಿತ್ತು. ಅವ್ವ ನನ್ನನ್ನು ನೋಡಿ “ನೀರು” ಅಂದಳು. ಕೋಣೆಯ ಬಾಗಿಲು ಮುಂದೆ ಮಾಡಿ ಕೊಟ್ಟೆ. ಎರಡು ಗುಟುಕು. ನೀನು ಒಳಗೆ ಬಂದಾಗ ಲೋಟ ನನ್ನ ಕೈಯಲ್ಲೇ ಇತ್ತು. ನೀನೇ ತೆಗೆದುಕೊಂಡು ತೊಳೆದು ಬೋರಲು ಹಾಕಿದೆ. ಬೆಳಗಾಗುವುದರೊಳಗೆ ಅವ್ವ ಹೋದಳು. ಎರಡು ವರ್ಷದ ಮೇಲೆ ದೀಪಾವಳಿ ಸಂಚಿಕೆಗೆ ಕಥೆ ಬರೆದಾಗ, ನೀರು ಕೊಟ್ಟ ಮಗನನ್ನು ಮಗಳನ್ನಾಗಿ ಮಾಡಿದೆ. ಕಥೆಗೆ ಅದು ಬೇಕು ಎಂದು ನಂಬಿಕೊಂಡೆ. ಊರು, ಹೆಸರು ಎಲ್ಲ ಬದಲಿಸಿದ್ದೆ. ನಮ್ಮ ಜನ ಅದಕ್ಕೆ ಮೋಸಹೋಗುವವರಲ್ಲ. ಅವ್ವನಿಗೆ ಇದ್ದವಳು ಒಬ್ಬಳೇ ಮಗಳು. ತಾಯಿಯ ವ್ರತ ಕೆಡಿಸಿದವಳು ಎಂಬುದು ಅಂದಿನಿಂದ ನಿನ್ನ ಬೆನ್ನಿಗೆ ಬಿತ್ತು. “ನೀರು ಕೊಟ್ಟಾಂವ ನೀ, ಮಾತು ಕೇಳಾಕಿ ನಾ” ಎಂದು ನೀನು ಒಮ್ಮೆ ಅಂದೆ. ಮತ್ತೆ ಅನ್ನಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಈ ಸಲ ಕ್ಷಮಾವಾಣಿಯ ದಿನ, ಪ್ರತಿ ವರ್ಷದಂತೆ, ಮೊದಲು ತೇರದಾಳದ ಬಸದಿಗೆ ಹೋದೆವು. ಒಬ್ಬರನ್ನೊಬ್ಬರು ಕ್ಷಮೆ ಕೇಳುವ ಗದ್ದಲ ಮುಗಿದಿತ್ತು. ತಂಗೆವ್ವ ಕಾಕು ಮೆಟ್ಟಿಲ ಮೇಲೆ ಕೂತಿದ್ದಳು. ಸಂಧ್ಯಾಳ ಕೈ ಹಿಡಿದು, “ನಾದಿನಿ ಮನಿಗಿ ರಬಕವಿಗೆ ಹೊಂಟೀರೇನ? ಹೊತ್ತ ಮುಳುಗಿದ ಮ್ಯಾಲೆ ಆಕಿ ಕೈಯಾನ ನೀರ ಕುಡದೀರಿ ಮತ್ತ” ಎಂದು ನಕ್ಕಳು. ಆಗಷ್ಟೇ ಊರವರೆಲ್ಲರ ಕ್ಷಮೆ ಕೇಳಿ ಮುಗಿಸಿದ ಬಾಯಿ ಅದು. ಸಂಧ್ಯಾ ನನ್ನತ್ತ ನೋಡಿದಳು. ನಾನು ಕಣ್ಣಿಗೆ ಹನಿ ಹಾಕು ಎಂದು ಮುಖ ಮೇಲೆತ್ತಿದೆ.

ನಿಮ್ಮಲ್ಲಿ ಮಾಮಾ ಮಗ್ಗ ನಿಲ್ಲಿಸಿ ಬಂದು, “ಏನ್ ಸಾಹಿತಿ, ಹೊಸಾ ಕಣ್ಣಿಗರೆ ನಮ್ಮ ಮಾರಿ ಕಾಣ್ತಾವೇನ?” ಅಂದರು. ಹೊತ್ತು ಮುಳುಗುವ ಮೊದಲೇ ನೀನು ಊಟಕ್ಕೆ ಬಡಿಸಿದೆ. ಕೈತೊಳೆಯಲು ನೀರು ಹಾಕುವಾಗ ಮೆಲ್ಲಗೆ ಹೇಳಿದೆ: “ಪುಸ್ತಕದಾಗರೆ ಅದೊಂದ ಶಬ್ದ ತಿದ್ದೋ ತಮ್ಮಾ. ನನಗಂತ ಅಲ್ಲ, ಬರೋ ತಿಂಗಳ ಸೊಸಿ ಬರಾಕತ್ತಾಳ ಮನಿಗಿ.” ನಾನು ಹೂಂ ಅಂದೆ. ಆಮೇಲೆ ಕೈಮುಗಿದು ಕ್ಷಮೆ ಕೇಳಿದೆ. ನೀನು ನನ್ನ ಎರಡೂ ಕೈ ಹಿಡಿದು “ಮರತೇನಿ, ಹೋಗ” ಅಂದೆ.

ಮೊನ್ನೆ ಡಾಕ್ಟರು ಸ್ವಲ್ಪ ಓದಬಹುದು ಎಂದರು. ಮೊದಲು ತೆರೆದದ್ದು ಅವ್ವನ ಪೂಜೆಯ ಪುಸ್ತಕ. ಕೊನೆಯ ಪುಟದಲ್ಲಿ ವ್ರತದ ದಿನಗಳಿಗೆ ಪೆನ್ಸಿಲ್ಲಿನ ಗೆರೆಗಳಿವೆ. ಅವ್ವನ ಕೈಯ ಎಂಟು ಗೆರೆ ನಡುಗುತ್ತವೆ. ಒಂಬತ್ತನೆಯದು ನೆಟ್ಟಗಿದೆ. ವ್ರತ ಕೆಟ್ಟಿಲ್ಲವೆಂದು ಅದನ್ನು ಹಾಕಿದವಳು ನೀನು ಎಂದು ಈ ಹೊಸ ಕಣ್ಣಿಗೆ ಕಂಡಿತು.

ಮಾಮಾರಿಗೆ ನನ್ನ ನಮಸ್ಕಾರ. ಮದುಮಗನಿಗೆ ನಮ್ಮಿಬ್ಬರ ಆಶೀರ್ವಾದ. ಕಾಲಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ.

ನಿನ್ನ ತಮ್ಮ,
ಯುವರಾಜ

ತಾ.ಕ.: ಅಕ್ಕಾ, ನಿನ್ನ ಮನೆಗೆ ಬರುವ ಮೂರು ದಿನ ಮೊದಲೇ ಕರಡನ್ನು ಧಾರವಾಡಕ್ಕೆ ಕಳಿಸಿಯಾಗಿತ್ತು. ಅದರಲ್ಲಿ ಮಗಳು ಮಗಳಾಗಿಯೇ ಇದ್ದಾಳೆ. ನೀನು ಕೈ ಹಿಡಿದಾಗ ನನಗೆ ಅದು ಗೊತ್ತಿತ್ತು. ಮಗ ಎಂದು ತಿದ್ದಿದರೆ ಅದು ಕಥೆಯಾಗಿ ಉಳಿಯುವುದಿಲ್ಲ, ತಪ್ಪೊಪ್ಪಿಗೆಯ ಜಬಾನಿಯಾಗುತ್ತದೆ. ಅಚ್ಚಿಗೆ ಹೋಗುವುದು ಮಂಗಳವಾರ. ಅಲ್ಲಿಯವರೆಗೆ ಫೋನಿನಲ್ಲಿ ಹೇಳಿದರೂ ಬದಲಿಸುತ್ತೇವೆ ಎಂದಿದ್ದಾರೆ. ಈ ಪತ್ರ ನಾಳೆ ಡಬ್ಬಿಗೆ ಬಿದ್ದರೆ ನಿನಗೆ ಮುಟ್ಟುವುದು ಬುಧವಾರ. ಫೋನು ಇದೇ ಟೇಬಲ್ಲಿನ ಮೇಲಿದೆ.