ಖಾತೆಗೊಂದು ಖಾತರಿ

ಮಾರ್ಚ್ ೧೨, ಬುಧವಾರ

ಒಂದು ಪದ ನಿದ್ದೆ ಕೆಡಿಸಿದೆ: ಖಾತರಿ.

‘ಖಾತೆ ತೆರೆಯಿರಿ, ಖಾತರಿ ಪಡೆಯಿರಿ’ ಎಂದು ನಮ್ಮ ಹಣಕಾಸು ಸಂಸ್ಥೆಯ ಹೂಡಿಕೆ ಯೋಜನೆಯ ಕರಪತ್ರಕ್ಕೆ ಬರೆದವನು ನಾನೇ. ಮಾರುಕಟ್ಟೆ ಬಿದ್ದರೆ ದುಡ್ಡೂ ಬೀಳುವ ಯೋಜನೆಗೆ ಆ ಪದ ಬಳಸುವಂತಿಲ್ಲ. ಗೊತ್ತಿತ್ತು. ಆದರೆ ಪ್ರಾಸ ಸಿಕ್ಕರೆ ನನಗೆ ಬುದ್ಧಿ ಸಿಗುವುದಿಲ್ಲ. ಮುದ್ರಕ ಫೋನ್ ಮಾಡಿ, “ಸಾರ್, ಖಾತರಿ ಅಂತ ಹಾಕ್ಬಹುದಾ?” ಎಂದು ಕೇಳಿದ್ದ. “ಖಾತ್ರಿಯಾಗಿ ಹಾಕಪ್ಪಾ” ಎಂದು ನಕ್ಕಿದ್ದೆ.

ಇಂದು ನಿವೃತ್ತ ದಾದಿಯೊಬ್ಬರು ಆ ಕರಪತ್ರ ಹಿಡಿದು ಕೌಂಟರಿಗೆ ಬಂದರು. ಅವರ ಉಳಿತಾಯದ ಅರ್ಧ ಹೋಗಿದೆ. ಕೂಗಾಡಲಿಲ್ಲ. “ಇಲ್ಲಿ ಬರ್ದಿದೀರಲ್ಲಪ್ಪಾ” ಎಂದು ಆ ಪದದ ಮೇಲೆ ಬೆರಳಿಟ್ಟರು, ಅಷ್ಟೇ.

ಸಂಜೆ ಮ್ಯಾನೇಜರ್ ಬಾಗಿಲು ಹಾಕಿ ಪತ್ರವೊಂದನ್ನು ಮುಂದಿಟ್ಟರು. ಆ ಪದ ಸೇರಿಸಿದ್ದು ಮುದ್ರಕ, ತಪ್ಪೆಲ್ಲ ಅವನದು ಎಂದಿತ್ತು.

“ಸಂಸ್ಥೆ ಮರ್ಯಾದೆ ಪ್ರಶ್ನೆ ಕಣ್ರೀ. ಒಂದು ಸಹಿ ಹಾಕಿ, ಮುಗೀತು.”

“ಅವನ ಮರ್ಯಾದೆ ಸಾರ್?”

“ಅವನದು ಚಿಕ್ಕ ಅಂಗಡಿ. ಯಾರಿಗ್ರೀ ಗೊತ್ತಾಗುತ್ತೆ?”

ನಾಳೆ ಹತ್ತು ಗಂಟೆಯೊಳಗೆ ಕೊಡಬೇಕು. ಸಹಿ ಹಾಕದಿದ್ದರೆ ಕೆಲಸ ಹೋಗುತ್ತದೆ, ನನ್ನ ಮೇಲೇ ಕೇಸು ಬರುತ್ತದೆ.

“ಯಾಕ್ರೀ, ಇವತ್ತು ಒಂದೂ ಜೋಕಿಲ್ಲ?” ಎಂದಳು ಹೆಂಡತಿ. ಸಹಿಗೂ ಸಿಹಿಗೂ ಒಂದೇ ಗುಡಿಸಿನ ವ್ಯತ್ಯಾಸ ಎನ್ನಹೊರಟೆ. ಅರ್ಧಕ್ಕೇ ಬಿಟ್ಟು ಈ ಡೈರಿ ತೆಗೆದು ಕೂತೆ.

ಪೆನ್ನು ಬರೆಯುತ್ತದೋ ನೋಡಲೆಂದು ಈ ಪುಟದ ಅಂಚಿನಲ್ಲಿ ಸಹಿ ಹಾಕಿದೆ. ಅದು ಬೇರೆ ಯಾರದೋ ಸಹಿಯಂತಿದೆ. ಕರಪತ್ರ ಅಚ್ಚಿಗೆ ಹೋಗುವಾಗ ಇಡೀ ಕಚೇರಿಯಲ್ಲಿ ಯಾರೂ ಆ ಪದದ ಬಗ್ಗೆ ಕೇಳಲಿಲ್ಲ. ‘ಹಾಕ್ಬಹುದಾ’ ಎಂದು ಕೇಳಿದವನು ಆ ಮುದ್ರಕನೊಬ್ಬನೇ. ನಾಳೆ ಸಹಿ ಹಾಕಬಹುದಾ ಎಂದು ನಾನು ಯಾರನ್ನು ಕೇಳಲಿ?