ಶ್ಯಾಬಿ ಅಂದರೆ

ಮಾರ್ಚ್ ೩, ೧೯೦೯. ಬೈಲಹೊಂಗಲ
ಎತ್ತಿಗೆ ಮೇವು ಹಾಕಿ ಬಂದು ಕುಳಿತೆ. ನಿನ್ನೆಯ ಉರಿ ಆರಿಲ್ಲ. ತಂಗಿ ತಂಗೆವ್ವನನ್ನು ನೋಡಲು ಸವದತ್ತಿಯ ದುಂಡಪ್ಪ, ಅವನ ಮಗ ಬಂದಿದ್ದರು. ಅಜ್ಜನ ಕಂಬಳಿ ಹಾಸಿದೆ. ಬೀಗತನದ ಮಾತಿಗೆ ನಮ್ಮ ಮನೆಯಲ್ಲಿ ಹಳೆಯದೇ ಬೇಕು — ಸೋದರತ್ತೆಯರ ಮದುವೆ ಗೊತ್ತಾದದ್ದೆಲ್ಲ ಅದರ ಮೇಲೆಯೇ. ದುಂಡಪ್ಪ ಛತ್ರಿಯ ತುದಿಯಿಂದ ಅದರ ಅಂಚು ಎತ್ತಿ ಮಗನಿಗೆ ಇಂಗ್ಲಿಷಿನಲ್ಲಿ ‘ಶ್ಯಾಬಿ’ ಅಂದ. ಇಬ್ಬರೂ ನಕ್ಕರು. ಕೂರಲಿಲ್ಲ. ನಿಂತೇ ನೀರು ಕುಡಿದು ಹೋದರು.

ಮಾರ್ಚ್ ೫
ಸಾಲೆಯ ಸಂಗಪ್ಪ ಮಾಸ್ತರರನ್ನು ಕೇಳಿದೆ.
“ಶ್ಯಾಬಿ ಅಂದ್ರ ಬೈಗಳೇನ್ರಿ?”
“ಬೈಗಳಲ್ಲೋ ಶಂಕ್ರೆಪ್ಪ. ಬಳಸಿ ಬಳಸಿ ಕಳಾಗುಂದಿದ್ದಕ್ಕ ಹಂಗಂತಾರ. ಅಂಗಿಗೆ, ಕುರ್ಚಿಗೆ, ಮನಿಗೆ.”
“ಮನಶ್ಯಾಗ?”
“ಹಳಿ ಅರಿವಿ ಹಾಕ್ಕೊಂಡಂವಗೂ ಅಂತಾರ. ಸಣ್ಣತನ ಮಾಡಿದಂವನ ನಡತಿಗೂ ಹಚ್ಚತಾರ.”
“ಕಡೀದು ಇನ್ನೊಮ್ಮೆ ಹೇಳ್ರಿ.”
“ಯಾರಿಗೆ ಹಚ್ಚಾಂವ ಅದನ್ನ?”
ಆ ಅರ್ಥವನ್ನು ಬಾಯಿಪಾಠ ಮಾಡಿಕೊಳ್ಳುತ್ತ ಮನೆಗೆ ಬಂದೆ.

ಜೂನ್ ೧೮
ಮಳೆ. ಬಿತ್ತನೆ. ಬಾವಿಕಟ್ಟೆಯಲ್ಲಿ ಹೆಂಗಸರು ತಪ್ಪಿದ ಸಂಬಂಧದ ಮಾತು ಕೆದಕುತ್ತಾರೆಂದು ತಂಗೆವ್ವ ನೀರಿಗೆ ಹೋಗುವುದನ್ನು ಬಿಟ್ಟಿದ್ದಾಳೆ. ದುಂಡಪ್ಪನ ಮಗನಿಗೆ ಎಲ್ಲೂ ಹೆಣ್ಣು ಸಿಗಬಾರದು. ನನಗೆ ಬೇರೇನೂ ಬೇಡ.

ನವೆಂಬರ್ ೯
ಸಮಯ ಸಿಕ್ಕಿತು. ರಾಮದುರ್ಗದ ಕಡೆಯ ಸಾಲಹಳ್ಳಿಯಿಂದ ಲಗಮಪ್ಪ ಎಂಬ ಹಿರಿಯರು ಬಂದರು. ಗುರುತಿಲ್ಲ. ಬೆಲ್ಲ ತಿಂದು, ನೀರು ಕುಡಿದು ಕೇಳಿದರು —
“ಸವದತ್ತಿ ದುಂಡಪ್ಪನ ಮನಿತನ ಹೆಂಗ್ರಿ? ನಿಮಗ ಗೊತ್ತಂತ.”
ಅಲ್ಲಿಗೆ ಹೆಣ್ಣು ಕೊಡುವ ವಿಚಾರವಿರಬೇಕು.
“ಶ್ಯಾಬಿ” ಅಂದೆ.
“ಹಂಗಂದ್ರ?”
ಬಿಡಿಸಿ ಹೇಳಿದೆ. ಮಾಸ್ತರರ ಅರ್ಥ ಸಾಲದೆ ನನ್ನದೂ ಸೇರಿಸಿದೆ. ಮಗ ಕುಡಿಯುತ್ತಾನೆಂದೆ — ನೋಡಿದ್ದೇನೂ ಇಲ್ಲ. ಅವನ ಸತ್ತ ತಾಯಿಯನ್ನೂ ಬಿಡಲಿಲ್ಲ. ಲಗಮಪ್ಪನವರು ಕೊನೆಯವರೆಗೂ ಕೇಳಿದರು. ತಂಗೆವ್ವ ತಂದ ಮಜ್ಜಿಗೆ ಕುಡಿದು, ಅವಳ ಜೊತೆ ನಾಲ್ಕು ಮಾತಾಡಿ ಎದ್ದರು.
ಇವತ್ತು ಹೊಟ್ಟೆ ತುಂಬ ಉಂಡೆ. ಎಷ್ಟು ದಿನಕ್ಕೆ...

ನವೆಂಬರ್ ೨೦
ಸಂತೆಯಲ್ಲಿ ಗಾಡಿ ಹೊಡೆಯುವ ಮಾಳಪ್ಪ ಸಿಕ್ಕ. ಸಾಲಹಳ್ಳಿಗೆ ಹೋಗಿ ಬಂದಿದ್ದ.
“ಲಗಮಪ್ಪನವ್ರು ಬಂದದ್ದು ನಿನ್ನ ತಂಗಿ ಸಲುವಾಗೋ ಮಾರಾಯ. ತಮ್ಮ ಮಗಗ. ಅವರ ರೂಢಿನ ಹಂಗ — ಮದಲ ಬ್ಯಾರೆ ಮನಿ ಸುದ್ದಿ ತಗೀತಾರ. ಮಂದಿ ಬಗ್ಗೆ ಹೆಂಗ ಆಡ್ತಾರ ನೋಡಿ, ಆಮ್ಯಾಲ ಹೆಣ್ಣ ಕೇಳ್ತಾರ.”
“ಏನಂದ್ರು?”
“ಹುಡುಗಿ ಚಲೋ ಅದಾಳ, ಆ ಅಣ್ಣನ ಬೀಗತನ ಬ್ಯಾಡ ಅಂದ್ರು. ದುಂಡಪ್ಪನ ಮಗಂದ ಲಗ್ನ ಬ್ಯಾಸಿಗ್ಯಾಗ ಆಗೇತಿ. ನಿನಗ ಅದೂ ಗೊತ್ತಿಲ್ಲೇನು?”
ಗೊತ್ತಿರಲಿಲ್ಲ.

ನವೆಂಬರ್ ೨೧, ಬೆಳಿಗ್ಗೆ
ತಂಗೆವ್ವ ನೀರಿಗೆ ಹೋಗಿದ್ದಾಳೆ. ತಾನಾಗಿಯೇ. ಕೊಡ ಎತ್ತಿಕೊಳ್ಳುತ್ತ ಕೇಳಿದಳು —
“ಅಣ್ಣಾ, ಆ ಅಜ್ಜಾರು ಮತ್ತ ಬರತೇನಿ ಅಂದಿದ್ರಲ್ಲ, ಯಾವಾಗ ಬರ್ತಾರ?”
ನೀರು ತಂದ ಮೇಲೆ ಹೇಳುತ್ತೇನೆ ಅಂದೆ. ಅವಳು ಬಂದ ಮೇಲೆ... ಬಾಗಿಲಲ್ಲಿ ಕೊಡದ ಸದ್ದು. ಬಂದಳು. ಅವರು ಬರುವುದಿಲ್ಲ, ನನ್ನ ಮಾತಿನಿಂದಲೇ ಎಂದು ನಾನು —